ಹೊಸ ಚೈನು

ಹೊಳೆ ದಂಡೆಯ ಮೇಲೊಂದು ಮಠ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಅಂತಲೇ ಕರೆಯುವುದು.

ಶಿಷ್ಯ ಗದಿಗೆಪ್ಪ. ನಲವತ್ತು ದಾಟಿದ ಗಂಡಸು, ಹಿಂದೆ ಕಟ್ಟಿಗೆ ಕೊಯ್ಯುವ ಅಡ್ಡೆಯಲ್ಲಿ ದುಡಿದವನು. ಕೈ ಬಂಗಾರದ್ದು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಅಣ್ಣನ ಜೊತೆ ಹೊಡೆದಾಡಿ, ಉಟ್ಟ ಬಟ್ಟೆಯಲ್ಲೇ ಮಠಕ್ಕೆ ಬಂದವನು ಅವತ್ತೇ ಕೇಳಿದ್ದ: "ಅಜ್ಜಾರ, ನನಗ ಕಾವಿ ಕೊಡ್ರಿ. ಈ ಸಂಸಾರ ಸಾಕಾತು."

"ಕೊಡೂಣಂತ. ಮೊದಲ ಉಣ್ಣು" ಅಂದಿದ್ದರು ಅಜ್ಜಾರು.

ಆಮೇಲೆ ಎಷ್ಟು ಊಟ ಆದವೋ ಏನೋ, ಕಾವಿ ಮಾತ್ರ ಬರಲಿಲ್ಲ. ಅವನಿಗಿಂತ ತಡವಾಗಿ ಬಂದ ಶಿಷ್ಯ ನಿರುಪಾದಿಗೆ ಮೊನ್ನೆ ಸಿಕ್ಕಿಬಿಟ್ಟಿತು. ಅಜ್ಜಾರಿಗೆ ನಾನು ಬೇಡಾಗಿದ್ದೇನೆ ಅಂತಲೇ ಗದಿಗೆಪ್ಪನ ಲೆಕ್ಕ.

"ನಾಳೆ ಸಂಜೀ ಬಸ್ಸಿಗೆ ಹೊಂಟೀನ್ರಿ, ಅಜ್ಜಾರ. ತಿರುಗಿ ಬರಂಗಿಲ್ಲ."

"ಹೂಂ, ಹೋಗು. ಹೋಗೂ ಮುಂಚೆ ಆ ಹೊಸಾ ಮಷೀನ ಒಂದು ಜೋಡಿಸಿ ಕೊಡು."

ಭಕ್ತರೊಬ್ಬರು ಮಠಕ್ಕೆ ಮರ ಕೊಯ್ಯುವ ಮಷೀನು ಕೊಟ್ಟಿದ್ದರು, ಅದರ ಡಬ್ಬಿ ಕೂಡ ಒಡೆದಿರಲಿಲ್ಲ. ಗಾಳಿಗೆ ಬಿದ್ದ ಜಾಲಿಮರ ಹೊಳೆಯ ದಾರಿಗೆ ಅಡ್ಡ ಮಲಗಿತ್ತು. ಅಡುಗೆಮನೆಯಲ್ಲಿ ಕಟ್ಟಿಗೆಯೂ ಮುಗಿಯುತ್ತ ಬಂದಿತ್ತು.

'ಬ್ಯಾಡೋ, ಇರು' ಅಂತ ಒಂದು ಮಾತು ಅನ್ನಬಾರದೇ ಈ ಮುದುಕ! ಗದಿಗೆಪ್ಪ ಹಲ್ಲು ಕಚ್ಚಿಕೊಂಡು ಡಬ್ಬಿ ಒಡೆದ. ಆದರೂ ಕೆಲಸ ಅಂದರೆ ಕೆಲಸ. ಒಂದು ಅಗಲವಾದ ಪರಾತಕ್ಕೆ ಮಷೀನಿನ ಎಣ್ಣೆ ಸುರಿದು, ಮರ ಕೊಯ್ಯುವ ಹಲ್ಲುಗಳ ಹೊಸ ಚೈನನ್ನು ಅದರಲ್ಲಿ ಮುಳುಗಿಸಿಟ್ಟ.

ಅಜ್ಜಾರು ಇಣುಕಿದರು. "ಏನೋ ಇದು, ಹಪ್ಪಳಾ ಕರಿಯಾಂವೇನು?"

"ಹೊಸಾ ಚೈನ್ರಿ. ಒಂದೊಂದು ಕೊಂಡಿಗೂ ಎಣ್ಣಿ ಇಳೀಬೇಕು. ರಾತ್ರಿ ಪೂರ್ತಿ ನೆನೀಲಿ."

"ಅಡಗಿಗೆ ಕಟಿಗಿ ಬೇಕಲ್ಲೋ, ಅವಸರ ಐತಿ."

"ನಿಮ್ಮ ಅವಸರಕ್ಕ ಎಣ್ಣಿ ಇಳಿಯಂಗಿಲ್ರಿ."

ಬೆಳಿಗ್ಗೆ ಚೈನನ್ನು ಮಷೀನಿನ ಉದ್ದನೆಯ ಕಬ್ಬಿಣದ ಪಟ್ಟಿಗೆ ಏರಿಸಿ, ಬಿಗಿಯುವ ಪಾನಾ ತರಲು ಒಳಗೆ ಹೋಗಿ ಬರುವುದರೊಳಗೆ ಅನಾಹುತ ಆಗಿತ್ತು. ಅಜ್ಜಾರು ಪೂಜೆ ಮುಗಿಸಿ ಬಂದವರು ಪಟ್ಟಿಗೂ ಚೈನಿಗೂ ಮೂರು ಬೆರಳು ವಿಭೂತಿ ಎಳೆದು, ಮೇಲೊಂದು ಕಣಗಿಲೆ ಹೂವು ಇಟ್ಟಿದ್ದರು.

"ಅಯ್ಯ ಅಯ್ಯ ಅಯ್ಯ! ಏನ ಮಾಡಿದ್ರಿ ಅಜ್ಜಾರ!"

"ಹೊಸಾ ಯಂತ್ರ ಅಲ್ಲೇನೋ. ಪೂಜಾ ಬ್ಯಾಡೇನು?"

"ಬೂದಿ ಎಣ್ಣ್ಯಾಗ ಕೂಡಿತಂದ್ರ ಚೈನು ಸವದು ಹೋಗತೈತ್ರಿ!"

ಅಜ್ಜಾರು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. "ಮತ್ತ ಎಲ್ಲಿ ಹಚ್ಚಲಿ?"

"ಹಿಡಿಕಿಗೆ ಹಚ್ರಿ."

ಗದಿಗೆಪ್ಪ ಚೈನು ಬಿಚ್ಚಿ, ಬ್ರಷ್ಷಿನಿಂದ ತಿಕ್ಕಿ, ಮತ್ತೆ ಎಣ್ಣೆ ಉಣಿಸಿದ. ಬಾಯಿ ಬೈಯುತ್ತಿತ್ತು, ಒಳಗೊಳಗೆ ನಗು ಬರುತ್ತಿತ್ತು.

ಮಷೀನು ಬುರ್ರೆಂದಿತು. ಗದಿಗೆಪ್ಪ ಮರದ ಹತ್ತಿರಕ್ಕೂ ಹೋಗಲಿಲ್ಲ. ಬರೀ ಗಾಳಿಯಲ್ಲಿ ಹಿಡಿದು ಅರ್ಧ ವೇಗದಲ್ಲಿ ಓಡಿಸಿದ. ಪಟ್ಟಿಯ ತುದಿಯನ್ನು ಬಂಡೆಯ ಸಮೀಪ ತಂದಾಗ ಕಲ್ಲಿನ ಮೇಲೆ ಎಣ್ಣೆಯ ಸಣ್ಣ ಗೆರೆ ಬಿತ್ತು. ಎಣ್ಣೆ ಬರುತ್ತಿದೆ ಅಂತ ಖಾತ್ರಿಯಾಗಿ ಬಂದ್ ಮಾಡಿದ.

"ಮರಾ ಅಲ್ಲೈತಿ" ಅಂದರು ಅಜ್ಜಾರು.

"ಗೊತ್ತೈತ್ರಿ. ಹೊಸಾ ಚೈನು ಬಿಸಿ ಆದ ಕೂಡ್ಲೆ ಹಿಗ್ಗತೈತಿ. ಈಗಲೇ ಮರಕ್ಕ ಹಚ್ಚಿದ್ರ ಪಟ್ಟಿ ಬಿಟ್ಟು ಹಾರತೈತಿ."

ಅಜ್ಜಾರು ಬಗ್ಗಿ ನೋಡಿದರು. ಚೈನು ಜೋಲು ಬಿದ್ದಿತ್ತು.

"ಹೌದಲ್ಲೋ, ಸಡಲ ಆಗೇತಿ. ಬಿಗಿ, ಬಿಗಿ!"

"ಬಿಸಿ ಇದ್ದಾಗ ಬಿಗೀಬಾರದ್ರಿ! ತಣ್ಣಗಾದ ಮ್ಯಾಲ ಕುಗ್ಗಿ ಪಟ್ಟೀನ ಹಿಚುಕತೈತಿ. ಎರಡೂ ಹಾಳು."

"ಅಂದ್ರ ಕುಂದರೂದು?"

"ಆರೂತನಕ ಕುಂದರೂದ್ರಿ."

ಇಬ್ಬರೂ ಕೂತರು. ಅಜ್ಜಾರು ಎಲೆ ಅಡಿಕೆ ತೆಗೆದು ಅರ್ಧ ಇವನಿಗೆ ಕೊಟ್ಟರು.

ಆರಿದ ಮೇಲೆ ಗದಿಗೆಪ್ಪ ಪಾನಾದಿಂದ ಒಂದಿಷ್ಟೇ ಬಿಗಿದ. ಬೆರಳಿನಿಂದ ಚೈನನ್ನು ಮೇಲಕ್ಕೆ ಎಳೆದು ಬಿಟ್ಟ. ಅದು ಟಪ್ಪೆಂದು ಹೋಗಿ ಕೂತಿತು.

"ಇದೇನೋ?"

"ಪರೀಕ್ಷಾ ರೀ. ಎಳೆದು ಬಿಡಬೇಕು. ತಾನಽ ಹೋಗಿ ತನ್ನ ಜಾಗಾದಾಗ ಕುಂತ್ರ ಬರೋಬ್ಬರಿ ಐತಿ ಅಂತ."

"ಕುಂದರಲಿಲ್ಲಂದ್ರ ಕೈಲೆ ಒಳಗ ಒತ್ತಿದ್ರಾತು."

"ಒತ್ತಬಾರದ್ರಿ ಅಜ್ಜಾರ! ಒತ್ತಿ ಕುಂದ್ರಿಸಿದ್ದು ನಿಂದರಂಗಿಲ್ಲ."

ಹೀಗೇ ಓಡಿಸುವುದು, ಆರಿಸುವುದು, ಬಿಗಿಯುವುದು. ಆಮೇಲೆ ಸಣ್ಣ ಟೊಂಗೆಗಳು. ಅಜ್ಜಾರಿಗೆ ತಡೆಯಲಿಲ್ಲ.

"ಮುಂಜಾನಿಂದ ಆಟಾ ಆಡಸಾಕತ್ತೈತಿ. ನಿನಗ ಇದರ ಮ್ಯಾಲ ಸಿಟ್ಟು ಬರವಲ್ದೇನೋ?"

"ಹೊಸಾದಲ್ರಿ, ಪಾಪ. ಇದರ ಮ್ಯಾಲ ಏನ ಸಿಟ್ಟು?"

ಅಜ್ಜಾರು ಹೊಳೆಯ ಕಡೆ ನೋಡುತ್ತ ಕೂತರು.

ಸಂಜೆಯ ಹೊತ್ತಿಗೆ ದಾರಿ ತೆರವಾಯಿತು. ಗದಿಗೆಪ್ಪ ಮಷೀನನ್ನು ಕಟ್ಟೆಯ ಮೇಲಿಟ್ಟು, ಮುಖ ತೊಳೆದು, ಚೀಲ ಹೆಗಲಿಗೇರಿಸಿ ಅಜ್ಜಾರ ಕಾಲಿಗೆ ಬಿದ್ದ.

"ಬುತ್ತಿ ಕಟ್ಟಿಸೇನಿ, ತಗೋ" ಅಂದರು ಅಜ್ಜಾರು. ಅಷ್ಟೇ.

ಗೇಟು ದಾಟುವಾಗ ಗದಿಗೆಪ್ಪನ ಕಣ್ಣು ತುಂಬಿ ದಾರಿ ಕಾಣಲಿಲ್ಲ. ಹಿಂದಿನಿಂದ ಒಂದು ಕರೆಯೂ ಬರಲಿಲ್ಲ.

ರಸ್ತೆಗೆ ಬಂದು ನಿಂತಾಗ ಥಟ್ಟನೆ ನೆನಪಾಯಿತು. ಮಷೀನು ಇನ್ನೂ ಬಿಸಿ ಇದೆ. ಚೈನು ಜೋಲು ಬಿದ್ದಿದೆ. ಪಾನಾ ಪಕ್ಕದಲ್ಲೇ ಇದೆ. ಬಿಗಿ ಬಿಗಿ ಅನ್ನುವ ಮುದುಕ ಅಲ್ಲೇ ಕೂತಿದ್ದಾನೆ!

ಬಸ್ಸು ಬಂದು ನಿಂತಿತು. "ಹತ್ತತೀಯೇನಪಾ?" ಅಂದ ಕಂಡಕ್ಟರು.

"ಇಲ್ರಿ, ನೀವು ನಡೀರಿ. ಒಂದು ಚೈನು ನೋಡೂದೈತಿ."

ಓಡೋಡಿ ಬಂದರೆ ಅಜ್ಜಾರು ಕಟ್ಟೆಯ ಮೇಲೆ ಮಷೀನಿನ ಪಕ್ಕದಲ್ಲೇ ಕೂತಿದ್ದರು. ಪಾನಾ ಮುಟ್ಟಿರಲಿಲ್ಲ. ಪಟ್ಟಿಯ ಮೇಲೆ ಮಡಿಕೆ ಕೂಡ ಹೋಗಿರದ ಹೊಸ ಕಾವಿ ಬಟ್ಟೆ ಹೊದಿಸಿದ್ದರು.

"ಅಯ್ಯ, ಹೊಸಾ ಕಾವಿ! ಎಣ್ಣಿ ಹತ್ತಂಗಿಲ್ಲೇನ್ರಿ?"

"ಧೂಳಾ ಬೀಳಾಕತ್ತಿತ್ತೋ. ಉಡಾಂವ ನೀನು. ಎಣ್ಣಿ ಹತ್ತಿದ್ರ ನೀನಽ ಒಗಕೋ."

ಗದಿಗೆಪ್ಪ ಚೀಲ ಕೆಳಗಿಟ್ಟ. ಬಟ್ಟೆ ಸರಿಸಿ ಚೈನು ಮುಟ್ಟಿದ, ತಣ್ಣಗಾಗಿತ್ತು. ಒಂದಿಷ್ಟು ಬಿಗಿದು, ಎಳೆದು ಬಿಟ್ಟ. ಟಪ್ಪೆಂದು ಕೂತಿತು.

"ನಾ ಹೊಂಟಾಗ ಒಮ್ಮೆರ ಬ್ಯಾಡ ಅನ್ನಬಾರದಿತ್ತೇನ್ರಿ, ಅಜ್ಜಾರ? ನನ್ನ ಜೀವಾ ಹೋದಂಗ ಆಗಿತ್ತು."

ಅಜ್ಜಾರು ಅವನ ತಲೆಯ ಮೇಲೆ ಕೈ ಇಟ್ಟರು.

"ನನ್ನ ಜೀವಾನೂ ಅಲ್ಲೇ ಗೇಟಿನಾಗ ನಿಂತಿತ್ತೋ, ತಮ್ಮಾ. ಆದ್ರ ಒತ್ತಬಾರದು ಅಂತ ನೀನಽ ಹೇಳಿದ್ಯಲ್ಲೋ."