ಗುರುಗಳ ಆಸನದಡಿಯ ನರಿ

ಕಲ್ಲಿನಲ್ಲಿ ಕಟ್ಟಿದ ಹಳೆಯ ಕ್ರೈಸ್ತ ಮಠವೊಂದರ ಇಗರ್ಜಿಯ ಮಾಡಿನಲ್ಲಿ ಮರದ ದೇವದೂತನೊಬ್ಬ ರೆಕ್ಕೆ ಬಿಚ್ಚಿ ನಿಂತಿದ್ದ. ಕೆಳಗೆ ಸನ್ಯಾಸಿಗಳು ಆಸನಗಳನ್ನು ಮೇಲಕ್ಕೆ ಮಡಚಿ, ನಿಂತೇ ಪ್ರಾರ್ಥನೆ ಹಾಡಬೇಕೆಂಬುದು ಅಲ್ಲಿಯ ಕಟ್ಟಳೆ. ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸೂರ್ಯ ನೆತ್ತಿಗೇರುತ್ತಿದ್ದ.

“ನನ್ನನ್ನು ನೋಡಿದರೆ ಇವರಿಗೆ ಕಾಲುನೋವೇ ಮರೆತುಹೋಗುತ್ತದೆ,” ಎಂದು ದೇವದೂತ ಬೀಗಿದ.

“ಮರೆತಿಲ್ಲ ಸ್ವಾಮಿ, ಕೂತಿದ್ದಾರೆ,” ಎಂದಿತು ಮಠದ ಹಿರಿಯ ಗುರುಗಳ ಆಸನದಡಿ ಕೆತ್ತಿದ್ದ ನರಿ. “ಬಡಗಿ ಆಸನಗಳ ಅಡಿಗೆ ನಮ್ಮಂಥ ಪ್ರಾಣಿಗಳನ್ನು ಕೆತ್ತಿ, ತಲೆಯ ಮೇಲೆ ಅಂಗೈಯಗಲದ ಹಲಗೆ ಇಟ್ಟಿದ್ದಾನೆ. ಆಸನ ಮೇಲಕ್ಕೆ ಮಡಚಿದೊಡನೆ ಆ ಹಲಗೆ ಮುಂದಕ್ಕೆ ಚಾಚುತ್ತದೆ; ನಿಂತಂತೆ ಕಾಣುತ್ತ ಅದರ ಮೇಲೆ ಕುಂಡೆ ಊರುತ್ತಾರೆ. ಗುರುಗಳು ತುಸು ಭಾರ.”

ದೇವದೂತನಿಗೆ ಮೈಯೆಲ್ಲ ಉರಿಯಿತು. ಪ್ರಾರ್ಥನೆಯ ನಡುವೆಯೇ ಗುರುಗಳನ್ನು ಕೂಗಿ, “ನೀವು ನಿಂತಿದ್ದೀರೋ, ಕೂತಿದ್ದೀರೋ?” ಎಂದು ಕೇಳಿಬಿಟ್ಟ. ಎಲ್ಲರೆದುರು ಸಿಕ್ಕಿಬಿದ್ದ ಗುರುಗಳು ಕೆಮ್ಮಿ, “ಛೆ, ಇದು ನಮ್ಮ ಗಮನಕ್ಕೇ ಬಂದಿರಲಿಲ್ಲ,” ಎಂದು ಹಲಗೆ, ಪ್ರಾಣಿ ಎಲ್ಲವನ್ನೂ ಕೀಳಿಸಿ ಸೌದೆ ಕೋಣೆಗೆ ಹಾಕಿಸಿದರು.

ಮರುದಿನ ಪ್ರಾರ್ಥನೆ ಓಟ ಕಿತ್ತಿತು. ಒಬ್ಬರು ಸಾಲು ನುಂಗಿದರೆ ಇನ್ನೊಬ್ಬರು ಇಡೀ ಪದ್ಯವನ್ನೇ ನುಂಗಿದರು. ಹಚ್ಚಿದ ಮೇಣದ ಬತ್ತಿ ಕರಗುವ ಮೊದಲೇ ‘ಆಮೆನ್’ ಕೇಳಿಸಿತು. ಸೊಂಟ ಹಿಡಿದುಕೊಂಡು ಮೊದಲು ಹೊರಬಿದ್ದವರು ಗುರುಗಳೇ. ಖಾಲಿ ಇಗರ್ಜಿಯಲ್ಲಿ ರೆಕ್ಕೆ ಬಿಚ್ಚಿಕೊಂಡು ದೇವದೂತ ಒಬ್ಬನೇ ಉಳಿದ. ವಾರ ಕಳೆಯುವುದರೊಳಗೆ ಅವನೇ ಗುರುಗಳನ್ನು ಕರೆದು, “ಆ ನರಿಯನ್ನು ಒಲೆಗೆ ಹಾಕಿಲ್ಲ ತಾನೆ?” ಎಂದು ಮೆಲ್ಲಗೆ ಕೇಳಿದ.

ಗುರುಗಳು ಹೋಗಿ ಸುತ್ತಿಗೆ ತಂದರು. ನರಿಯೂ ಉಳಿದ ಪ್ರಾಣಿಗಳೂ ಹಲಗೆಸಮೇತ ತಮ್ಮ ಜಾಗಕ್ಕೆ ಬಂದವು, ಪ್ರಾರ್ಥನೆ ಮತ್ತೆ ಮಧ್ಯಾಹ್ನದವರೆಗೆ ಬೆಳೆಯಿತು.

“ಎಲ್ಲರೂ ನಿಂತಿದ್ದಾರೆಯೇ ಸ್ವಾಮಿ?” ಎಂದು ನರಿ ಕೆಳಗಿನಿಂದ ಕೇಳಿತು.

“ನನಗೆ ಇಲ್ಲಿಂದ ಹಾಗೇ ಕಾಣುತ್ತದೆ,” ಎಂದ ದೇವದೂತ.