ಹೊಲಿಗೆಯ ಮಗ್ಗುಲು

"ನನಗೆ ನಿಜವಾದ ಸೇವೆ ಅಂತ ಕೊಡುವುದು ಯಾವಾಗ, ಲಾದ್ರು ಮಾಮ?"

ಕೇಳಿದವನು ಸಿಪ್ರಿಯನ್. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತನಾದವನು. ಸಿಸ್ಟರುಗಳು ನಡೆಸುವ ಕುಷ್ಠರೋಗಿಗಳ ಆಶ್ರಮಕ್ಕೆ ಸಹಸೇವಕನಾಗಿ ಸೇರಿದ್ದ. ಸಹಸೇವಕರೆಂದರೆ ವ್ರತ ತೊಟ್ಟವರಲ್ಲ. ಹೆಂಡತಿ ಮಕ್ಕಳೊಂದಿಗೆ ತಮ್ಮ ಮನೆಯಲ್ಲೇ ಇದ್ದುಕೊಂಡು, ಸಿಸ್ಟರುಗಳ ಕೆಲಸಕ್ಕೆ ಹೆಗಲು ಕೊಡುತ್ತೇವೆಂದು ದೇವರ ಮುಂದೆ ಮಾತು ಕೊಟ್ಟವರು. ಅವರಿಗೆ ಕೆಲಸ ಕಲಿಸುವವನು ಮುದುಕ ಲಾದ್ರು.

"ಮೂರು ತಿಂಗಳಿಂದ ಬ್ಯಾಂಡೇಜು ಸುತ್ತುತ್ತಿದ್ದೇನೆ" ಎಂದ ಸಿಪ್ರಿಯನ್. "ಒಬ್ಬ ರೋಗಿಯ ಹತ್ತಿರವೂ ಹೋಗಿಲ್ಲ. ಹರಕು ಸೀರೆ ಸುತ್ತುವುದಕ್ಕೆ ನಾನೇ ಆಗಬೇಕೇ?"

ಲಾದ್ರು ಮಾಮ ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಡಲಿಲ್ಲ. ಸುತ್ತುತ್ತಲೇ ಕತೆ ಹೇಳಿದ.

ಒಬ್ಬ ಬಟ್ಟೆ ವ್ಯಾಪಾರಿ. ಎರಡು ಬೆರಳಿನ ನಡುವೆ ಹಿಡಿದು ಉಜ್ಜಿದರೆ ಸಾಕು, ಬಟ್ಟೆ ಯಾವ ಮಗ್ಗದ್ದು, ಎಷ್ಟು ಒಗೆತ ತಾಳೀತು ಎಂದು ಹೇಳಿಬಿಡುತ್ತಿದ್ದ. ನಲವತ್ತು ವರ್ಷ ಅಂಗಡಿ ನಡೆಸಿ ಅಳಿಯನ ಕೈಗೆ ಬೀಗದ ಕೈ ಕೊಟ್ಟ. ಮನೆಯಲ್ಲಿ ಕೂತರೆ ಹೆಂಡತಿಯ ಜೊತೆ ದಿನಾ ಜಗಳ. ಭಾನುವಾರದ ಪೂಜೆ ಮುಗಿದ ಮೇಲೆ ಪಾದ್ರಿಗಳು ಇಂಥದ್ದೇ ಒಂದು ಆಶ್ರಮಕ್ಕೆ ಸಹಸೇವಕರು ಬೇಕೆಂದಾಗ ಎದ್ದು ನಿಂತ. ಅದರಲ್ಲಿ ಭಕ್ತಿ ಅರ್ಧ, ಹೆಂಡತಿಯಿಂದ ತಪ್ಪಿಸಿಕೊಳ್ಳುವ ಆಸೆ ಅರ್ಧ. ಇದ್ದದ್ದು ಇದ್ದ ಹಾಗೆ ಹೇಳಬೇಕು.

ಅಲ್ಲಿ ಒಬ್ಬ ಮುದಿ ಸಿಸ್ಟರ್ ಇದ್ದಳು. ಅವನನ್ನು ಸುರುಳಿ ಸುತ್ತುವ ಮೇಜಿಗೆ ಹಾಕಿದಳು. ದಾನ ಬಂದ ಹಳೆಯ ಸೀರೆ ಪಂಚೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ತುದಿಗೆ ತುದಿ ಸೇರಿಸಿ ಹೊಲಿದು, ಕುದಿಸಿ, ಒಣಗಿಸಿ ಸುತ್ತುವುದು ಅಲ್ಲಿನ ಪದ್ಧತಿ. ಹೊಲಿದ ಕಡೆ ಒಂದು ಮಗ್ಗುಲು ನುಣುಪಾಗಿರುತ್ತದೆ. ಇನ್ನೊಂದು ಮಗ್ಗುಲಲ್ಲಿ ಹೊಲಿಗೆಯ ಏಣು ಎದ್ದಿರುತ್ತದೆ.

"ನುಣುಪು ಮೈ ಹೊರಗೆ ಬರಲಿ" ಎಂದಳು ಸಿಸ್ಟರ್.

ವ್ಯಾಪಾರಿ ನಕ್ಕುಬಿಟ್ಟ. "ಬಟ್ಟೆ ಸುತ್ತುವುದನ್ನು ನನಗೆ ಹೇಳಿಕೊಡುತ್ತೀರಾ ಸಿಸ್ಟರ್? ಒಳ್ಳೆಯ ಮೈ ಯಾವತ್ತೂ ಒಳಗಿರಬೇಕು. ಹೊರಗಿದ್ದರೆ ಧೂಳು ಕೂರುತ್ತದೆ, ನಾಲ್ಕು ಜನರ ಕೈ ತಾಗಿ ಮಾಸುತ್ತದೆ. ನಮ್ಮ ಅಂಗಡಿಯಲ್ಲಿ ಬಟ್ಟೆಯ ಥಾನುಗಳನ್ನೆಲ್ಲ ಹಾಗೇ ಸುತ್ತಿಡುವುದು."

ಸಿಸ್ಟರ್ ಮತ್ತೆ ಹೇಳಲಿಲ್ಲ.

ಅವನು ಸುತ್ತಿದ. ಅವನ ಸುರುಳಿಯಷ್ಟು ಬಿಗಿ, ಅವನ ಸುರುಳಿಯಷ್ಟು ಸಮ ಆ ಮೇಜಿನಲ್ಲಿ ಇನ್ನೊಂದಿರಲಿಲ್ಲ. ಕೊನೆಗೆ ಸುರುಳಿಯ ತುದಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಸಿಕ್ಕಿಸುತ್ತಿದ್ದ. ಅಂಗಡಿಯ ಅಭ್ಯಾಸ ಅದು. ದಿನಾ ಸಂಜೆ ತುಂಬಿದ ಬುಟ್ಟಿಯನ್ನು ಒಂದು ಸಲ ನೋಡಿ, ಮೀಸೆ ನೀವಿಕೊಂಡು ಮನೆಗೆ ಹೋಗುತ್ತಿದ್ದ. ಹೀಗೆ ಐದು ತಿಂಗಳು ನಡೆಯಿತು.

ಆ ಆಶ್ರಮದಲ್ಲಿ ಒಬ್ಬ ದೋಣಿಯವನಿದ್ದ. ರೋಗ ವಾಸಿಯಾಗಿತ್ತು. ಆದರೆ ಅಂಗಾಲಿನ ಹುಣ್ಣು ಮೂರು ವರ್ಷದಿಂದ ಮುಚ್ಚಿರಲಿಲ್ಲ. ಕಾಲಿಗೆ ಸ್ಪರ್ಶಜ್ಞಾನವಿರಲಿಲ್ಲ. ಹುಣ್ಣು ಮುಚ್ಚಿದರೆ ಮನೆಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿದ್ದರು. ಈಗ ಅದು ಸಾಸಿವೆ ಕಾಳಿನಷ್ಟು ಉಳಿದಿತ್ತು. ಮುಂದಿನ ಭಾನುವಾರ ಅವನ ಹೆಂಡತಿ ಕರೆದುಕೊಂಡು ಹೋಗಲು ಬರುವವಳಿದ್ದಳು. ಅವನು ವಾರ್ಡಿನವರಿಗೆಲ್ಲ ಮೀನಿನ ಊಟಕ್ಕೆ ಆಮಂತ್ರಣ ಕೊಟ್ಟಾಗಿತ್ತು.

ಆ ವಾರ ಮುದಿ ಸಿಸ್ಟರ್ ಜ್ವರ ಬಂದು ಮಲಗಿದಳು.

ನಾಲ್ಕನೆಯ ದಿನ ದೋಣಿಯವನು ಅಂಗಳದಲ್ಲಿ ನಡೆದಾಡುತ್ತಿದ್ದ. ಅವನು ಕಾಲಿಟ್ಟಲ್ಲೆಲ್ಲ ನೆಲ ಕೆಂಪಾಗುತ್ತಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ವ್ಯಾಪಾರಿಯೇ ನೋಡಿ ಕೂಗಿದ. ಕಿರಿಯ ಸಿಸ್ಟರ್ ಓಡಿಬಂದು ಪಟ್ಟಿ ಬಿಚ್ಚಿದಳು. ಕಟ್ಟುವಾಗ ಸುರುಳಿಯ ಹೊರಮೈಯೇ ಕಾಲಿನ ಮೇಲೆ ಕೂರುತ್ತದೆ. ಹೊಲಿಗೆಯ ಏಣು ಹೊಸ ಚರ್ಮವನ್ನು ಒತ್ತಿ, ಉಜ್ಜಿ, ತನ್ನ ಉದ್ದಕ್ಕೂ ಸೀಳಿತ್ತು.

"ನನಗೇನೂ ನೋವಾಗಲಿಲ್ಲ ಸಾಹುಕಾರ್ರೇ" ಎಂದು ದೋಣಿಯವನೇ ವ್ಯಾಪಾರಿಗೆ ಸಮಾಧಾನ ಹೇಳಿದ.

ಆ ಮಾತು ವ್ಯಾಪಾರಿಗೆ ಬಡಿಯಿತು. ನಲವತ್ತು ವರ್ಷದಲ್ಲಿ ಅವನ ಬಟ್ಟೆ ಚುಚ್ಚಿದರೆ ಗಿರಾಕಿ ಮರುದಿನವೇ ಬಂದು ಮುಖದ ಮೇಲೆ ಎಸೆದು ಹೋಗುತ್ತಿದ್ದ. ಇಲ್ಲಿಯ ಗಿರಾಕಿಗೆ ಚುಚ್ಚಿದ್ದೇ ತಿಳಿಯುವುದಿಲ್ಲ. ದೂರು ಬರುವುದೇ ಇಲ್ಲ.

ಭಾನುವಾರ ದೋಣಿಯವನ ಹೆಂಡತಿ ಬಂದಳು. ಗಂಡನಿಗೆಂದು ತಂದ ಹೊಸ ಚಪ್ಪಲಿಯನ್ನು ಚೀಲದಿಂದ ತೆಗೆಯದೆ ವಾಪಸು ಹೋದಳು.

ಜ್ವರ ಬಿಟ್ಟು ಮುದಿ ಸಿಸ್ಟರ್ ಮೇಜಿಗೆ ಬಂದಾಗ ವ್ಯಾಪಾರಿ ಕಾಯುತ್ತಿದ್ದ. ಅವನಿಗೆ ಒಂದು ಲೆಕ್ಕ ಹೊಂದುತ್ತಿರಲಿಲ್ಲ.

"ಐದು ತಿಂಗಳೂ ನಾನು ಹಾಗೇ ಸುತ್ತಿದ್ದೇನೆ ಸಿಸ್ಟರ್. ಅಷ್ಟು ದಿನ ಆಗದ್ದು ಈ ನಾಲ್ಕು ದಿನದಲ್ಲಿ ಹೇಗಾಯಿತು?"

"ನೀವು ಮನೆಗೆ ಹೋದ ಮೇಲೆ ಬಿಚ್ಚಿ, ತಿರುವಿ ಸುತ್ತಿಡುತ್ತಿದ್ದೆ."

"ಎಲ್ಲವನ್ನೂ?"

"ಎಲ್ಲವನ್ನೂ. ತುದಿ ಒಳಕ್ಕೆ ಸಿಕ್ಕಿಸುವುದನ್ನು ಮಾತ್ರ ನಿಮ್ಮಿಂದ ಕಲಿತೆ. ಸುರುಳಿ ಬಿಚ್ಚಿಹೋಗುವುದಿಲ್ಲ, ಒಳ್ಳೆಯ ಉಪಾಯ."

ವ್ಯಾಪಾರಿಗೆ ಮೊದಲು ಬಂದದ್ದು ಸಿಟ್ಟು. "ಒಂದು ಮಾತು ಗದರಿ ಹೇಳಬಾರದಿತ್ತೇ? ನಾನು ದಿನವಿಡೀ ಮಾಡಿದ್ದನ್ನು ನೀವು ದಿನಾ ಅಳಿಸಿ ಮಾಡಿದಿರಿ. ನಮ್ಮ ಅಂಗಡಿಯಲ್ಲಾಗಿದ್ದರೆ ಹೀಗೆ ತಪ್ಪು ಮಾಡುವವನನ್ನು ಎರಡನೆಯ ದಿನವೇ ಮನೆಗೆ ಕಳಿಸುತ್ತಿದ್ದೆ."

"ಹೇಳಿದೆ, ನೀವು ನಕ್ಕಿರಿ. ಇನ್ನೊಂದು ಸಲ ಹೇಳಿದ್ದರೆ ಮರುದಿನದಿಂದ ನೀವು ಬರುತ್ತಿರಲಿಲ್ಲ" ಎಂದಳು ಸಿಸ್ಟರ್. "ಸುರುಳಿಯನ್ನು ತಿರುವಿ ಸುತ್ತಬಹುದು. ಮನೆಗೆ ಹೋದವನನ್ನು ಎಲ್ಲಿಂದ ತರಲಿ? ಆದರೂ ತಪ್ಪು ನನ್ನದೂ ಇದೆ. ಜ್ವರ ಬರಬಹುದೆಂದು ಯೋಚಿಸಿರಲಿಲ್ಲ."

ಅಷ್ಟು ಹೇಳಿ ಒಂದು ಸುರುಳಿ ಕೈಗೆತ್ತಿಕೊಂಡಳು.

ವ್ಯಾಪಾರಿ ಕೆಲಸಗಾರರನ್ನು ಕಂಡವನು. ಎಷ್ಟು ಹೊತ್ತು ದುಡಿದರೆ ಏನಾಗುತ್ತದೆಂದು ಬಲ್ಲವನು. ನಸುಕಿಗೆ ಎದ್ದು ಪ್ರಾರ್ಥನೆ, ಆಮೇಲೆ ನಲವತ್ತು ಜನರ ಹುಣ್ಣು ತೊಳೆಯುವುದು, ಅಡಿಗೆಮನೆಯ ಉಸ್ತುವಾರಿ. ಸಿಸ್ಟರುಗಳಿಗೆ ಸಂಜೆ ಅರ್ಧ ಗಂಟೆ ಮಾತ್ರ ತಮ್ಮದೆಂದು ಇರುತ್ತದೆ. ಉಳಿದವರು ಬೇವಿನ ಮರದ ಕೆಳಗೆ ಕೂತು ಹರಟುವ ಆ ಅರ್ಧ ಗಂಟೆಯನ್ನು ಈಕೆ ಅವನ ಬುಟ್ಟಿಗೆ ಸುರಿದಿದ್ದಳು. ಮರುದಿನ ಬೆಳಿಗ್ಗೆ "ಬಂದಿರಾ, ಕೂತುಕೊಳ್ಳಿ" ಎಂದು ನಗುತ್ತಿದ್ದಳು. ಇಂಥ ಆಳನ್ನು ಅವನು ಯಾವ ಪೇಟೆಯಲ್ಲೂ ಕಂಡಿರಲಿಲ್ಲ. ಇಂಥ ಯಜಮಾನಿಯನ್ನೂ ಕಂಡಿರಲಿಲ್ಲ.

ಅವನು ಕೂತ. ಕಪಾಟಿನಲ್ಲಿದ್ದ ಸುರುಳಿಗಳನ್ನೆಲ್ಲ ಕೆಳಗಿಳಿಸಿ ಬಿಚ್ಚಿದ. ಪ್ರತಿಯೊಂದು ಹೊಲಿಗೆಯನ್ನೂ ಹೆಬ್ಬೆರಳಿನಿಂದ ತಡವಿ ನೋಡಿ ಸುತ್ತತೊಡಗಿದ. ದೋಣಿಯವನ ಕಾಲಿಗೆ ಮತ್ತೆ ಏಳು ತಿಂಗಳು ಹಿಡಿಯಿತು. ಅವನ ಪಟ್ಟಿಯನ್ನು ವ್ಯಾಪಾರಿಯೇ ಒಗೆದ, ತಾನೇ ಸುತ್ತಿದ. ದೋಣಿಯವನು ದಿನಾ ಕಾಲು ಚಾಚಿ, "ಸಾಹುಕಾರ್ರೇ, ಇವತ್ತು ಯಾವ ಮಗ್ಗುಲು?" ಎಂದು ಎಲ್ಲರೆದುರು ಕೆಣಕುತ್ತಿದ್ದ. ವ್ಯಾಪಾರಿ ಬೈಗುಳ ನುಂಗಿದ ಹಾಗೆ ಅದನ್ನು ನುಂಗುತ್ತಿದ್ದ. ಕೊನೆಗೊಂದು ಭಾನುವಾರ ಆ ಚಪ್ಪಲಿ ಚೀಲದಿಂದ ಹೊರಗೆ ಬಂತು. ದೋಣಿಯವನು ಅದನ್ನು ಮೆಟ್ಟಿಕೊಂಡು ಗೇಟು ದಾಟಿದ.

ಆ ಸಂಜೆ ವ್ಯಾಪಾರಿ ಬುಟ್ಟಿ ಇಟ್ಟು ಮನೆಗೆ ಹೊರಟವನು ಬಾಗಿಲಲ್ಲಿ ತಿರುಗಿ ನೋಡಿದ. ಮುದಿ ಸಿಸ್ಟರ್ ಬೇವಿನ ಮರದ ಕೆಳಗೆ, ಉಳಿದವರ ನಡುವೆ ಕೂತು ನಗುತ್ತಿದ್ದಳು. ಬುಟ್ಟಿಯ ಹತ್ತಿರ ಯಾರೂ ಇರಲಿಲ್ಲ. ಊರಿನವರು ಅವನಿಗೆ ಎಷ್ಟೋ ಸಲ ಶಾಲು ಹೊದಿಸಿದ್ದರು. ಅವನು ಮನೆಯವರೆಗೂ ಅಳುತ್ತಾ ಹೋದದ್ದು ಅವತ್ತೊಂದೇ ದಿನ.

ಲಾದ್ರು ಮಾಮ ಕತೆ ನಿಲ್ಲಿಸಿದ. ಕೈಯಲ್ಲಿದ್ದ ಸುರುಳಿ ಮುಗಿದಿತ್ತು. ಅದರ ತುದಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಸಿಕ್ಕಿಸಿದ.

ಸಿಪ್ರಿಯನ್ ಆ ಹೆಬ್ಬೆರಳನ್ನೇ ನೋಡಿದ. "ದೊಡ್ಡವರು, ಆ ಸಿಸ್ಟರ್" ಎಂದ. "ಈಗ ಅಂಥವರು ಎಲ್ಲಿದ್ದಾರೆ? ನನ್ನ ವಿಷಯ ಹೇಳಿ ಮಾಮ. ವಾರ್ಡಿಗೆ ಯಾವಾಗ?"

ಲಾದ್ರು ಮಾಮ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.

"ನಿಮ್ಮ ಸುರುಳಿಗಳನ್ನು ನಾನಿನ್ನೂ ದಿನಾ ಸಂಜೆ ಬಿಚ್ಚುತ್ತಿದ್ದೇನೆ, ಮೇಷ್ಟ್ರೇ."