ಪಾಲವ್ವನ ಮಾಳಿಗೆಯ ಗರಿಕೆ

"ಕೇಳ್ರಪ್ಪೋ ಕೇಳ್ರಿ! ಕರಿಗಲ್ಲೂರಿನ ದೊರೆ ಬೊಪ್ಪರಾಯರ ಅಪ್ಪಣೆ! ರಾಜಕುಮಾರಿ ಚೆನ್ನಾಜಿ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆ ಎರೆದು ಅರ್ಧ ರಾಜ್ಯ ಕೊಡಲಾಗುವುದು. ಅದು ಒಲ್ಲದವನು ಬೇರೇನು ಕೇಳಿದರೂ ಸೈ. ತಪ್ಪಿದವನಿಗೆ ಸಂಜೆಗೇ ಶೂಲ!"

ಡಂಗುರದವನ ಬಾಯಿಗೆ ಮಣ್ಣು ಬೀಳ, ಅಂದುಕೊಂಡ ಗಾದಿಲಿಂಗ. ಮನೆಗಳ ಮಟ್ಟಸ ಮಾಳಿಗೆಗೆ ಮಣ್ಣು ಬಡಿದು ಹೊಟ್ಟೆ ಹೊರೆಯುವ ಬಡಪಾಯಿ ಅವನು. ಅವನ ತಾಯಿ ಪಾಲವ್ವ ಸೆರೆಮನೆ ಸೇರಿ ಅವತ್ತಿಗೆ ನಾಲ್ಕು ದಿನ.

ಏನು ಮಹಾ ತಪ್ಪು ಮಾಡಿದ್ದಳು? ಕೇಳಿದರೆ ನಿಮಗೂ ಮೈ ಉರಿಯುತ್ತದೆ. ಮಾಳಿಗೆ ಮೇಲೆ ಹುಲ್ಲು ಹುಟ್ಟಿದರೆ ಮನೆ ಹಾಳಾಗುತ್ತದೆ ಅಂತ ಆ ಊರಿನವರ ನಂಬಿಕೆ. ಉಗಾದಿ ಬಂತೆಂದರೆ ಎಲ್ಲರೂ ಏಣಿ ಹತ್ತಿ ಒಂದೆಸಳೂ ಬಿಡದೆ ಕಿತ್ತು, ಕೆಳಗೆ ಕೂತು ಬೇಯುತ್ತಿದ್ದರು. ದೊರೆ ಅದಕ್ಕಿಂತ ಒಂದು ಕೈ ಮೇಲೆ. ಅರಮನೆಗೂ ಸೆರೆಮನೆಗೂ ಕರಿಕಲ್ಲಿನ ಚಪ್ಪಡಿ ಹೊದಿಸಿ ಮಿರಮಿರ ಉಜ್ಜಿಸಿದ. ಊರಿನ ಯಾವ ಸೂರಿನ ಮೇಲೂ ಗೋಡೆಯ ಮೇಲೂ ಹಸಿರು ಕಾಣಕೂಡದು ಅಂತ ಕಟ್ಟಪ್ಪಣೆ ಮಾಡಿದ. ಪಾಲವ್ವ ಒಬ್ಬಳೇ ಕೀಳಲಿಲ್ಲ. "ಗರಿಕೇನ ಗಣಪ್ಪನ ತಲೆ ಮ್ಯಾಲೆ ಇಡ್ತೀರಿ. ನಮ್ಮ ತಲೆ ಮ್ಯಾಲಿದ್ರೆ ಅಪಶಕುನಾನಾ?" ಅಂದಳು. ಆ ಮಾತಿಗೆ ಎಳೆದುಕೊಂಡು ಹೋದರು.

ಅವತ್ತು ಬೆಳಿಗ್ಗೆ ಗಾದಿಲಿಂಗ ನೀರು ಕೊಡಲು ಹೋದಾಗ ಅವಳ ತುಟಿ ಒಡೆದು ರಕ್ತ ಬಂದಿತ್ತು. "ಒಳಗೆ ರೊಟ್ಟಿ ಸುಡಬೌದು ಕಣೋ ಮಗಾ," ಅಂದು ನಗಲು ನೋಡಿದಳು, ಆಗಲಿಲ್ಲ. ಕಂಬಿಯ ಸಂದಿಯಿಂದ ಅವಳ ಕೈ ಮುಟ್ಟಿದ. ಕೆಂಡದಂತಿತ್ತು. ಇನ್ನೆರಡು ದಿನ ಈ ಜೀವ ತಡೆಯುವುದಿಲ್ಲ ಅನ್ನುವುದು ಅವನಿಗೆ ಗೊತ್ತಾಯಿತು. ಕಾಲಿನ ಕೆಸರನ್ನೂ ತೊಳೆಯದೆ ಅರಮನೆಯ ಕಡೆ ನಡೆದ.

ಸಭೆಯಲ್ಲಿ ಚೆನ್ನಾಜಿ ನಿಂತೇ ಇದ್ದಳು. ಉತ್ತರಗಳನ್ನು ಓಲೆಯಲ್ಲಿ ಬರೆದು ಮುದಿ ಮಂತ್ರಿಯ ಕೈಗೆ ಮೊದಲೇ ಕೊಟ್ಟಿದ್ದಳು. ದೊರೆಗೂ ಅವು ಗೊತ್ತಿರಲಿಲ್ಲ.

"ನಮ್ಮ ಮನೆಯಲ್ಲೊಬ್ಬ ಇದ್ದಾನೆ. ಹಗಲೆಲ್ಲ ಬೆಂಕಿ ಉಣ್ಣುತ್ತಾನೆ, ರಾತ್ರಿಯೆಲ್ಲ ಕಕ್ಕುತ್ತಾನೆ. ಹೊರಗಿನವರು ಅವನನ್ನು ಹೊಗಳುತ್ತಾರೆ, ಒಳಗಿನವರು ಶಪಿಸುತ್ತಾರೆ. ಯಾರು?"

ನೆರೆಸೀಮೆಯ ಪಾಳೆಯಗಾರನ ಮಗ ಮೀಸೆ ತಿರುವಿ, "ಸೂರ್ಯ!" ಅಂದ.

"ಸೂರ್ಯ ರಾತ್ರಿ ನಿಮ್ಮ ಮನೆಯಲ್ಲಿ ಮಲಗುತ್ತಾನೇನು?" ಅಂದಳು ಚೆನ್ನಾಜಿ. ಅವನ ಕಾಲಿಗೆ ಸರಪಳಿ ಬಿತ್ತು.

ಆಸ್ಥಾನ ಪಂಡಿತ ಕೈಮುಗಿದು ಎದ್ದ. "ಬೆಂಕಿಯೆಂದರೆ ಕೋಪ ತಾಯಿ. ಆದ್ದರಿಂದ ಉತ್ತರ... ಮಹಾಪ್ರಭುಗಳೇ!" ಅಂದುಬಿಟ್ಟ. ಒಳಗಿನವರು ಶಪಿಸುತ್ತಾರೆ ಅನ್ನುವ ಮಾತು ನೆನಪಾಗುವಷ್ಟರಲ್ಲಿ ದೊರೆಯ ಮುಖ ಕಪ್ಪಿಟ್ಟಿತ್ತು. ಪಂಡಿತನಿಗೂ ಸರಪಳಿ ಬಿತ್ತು. ಆಮೇಲೆ ಯಾರೂ ಏಳಲಿಲ್ಲ.

ಗಾದಿಲಿಂಗ ಮುಂದೆ ಬಂದಾಗ ಕಾವಲಿನವನು ಕಿಸಕ್ಕನೆ ನಕ್ಕ. "ಏನಯ್ಯಾ, ಕಾಲಿಗೆ ಕೆಸರು, ತಲೆಗೆ ಬಾಸಿಂಗವೋ?"

"ಬಾಸಿಂಗ ನೀನೇ ಕಟ್ಕೋ," ಅಂದ ಗಾದಿಲಿಂಗ. "ತಾಯಿ, ಅದು ನಿಮ್ಮ ತಲೆ ಮ್ಯಾಲಿರೋ ಕರಿಕಲ್ಲಿನ ಚಪ್ಪಡಿ. ಹಗಲು ಬಿಸಿಲು ನುಂಗ್ತದ, ರಾತ್ರಿ ಮನೆಯೊಳಗೆ ಕಾರ್ತದ. ಅದರ ಕೆಳಗೆ ನಮ್ಮವ್ವ ಬೇಯಾಕತ್ಯಾಳ."

ಮಂತ್ರಿ ಓಲೆ ನೋಡಿ ತಲೆಯಾಡಿಸಿದ. ಚೆನ್ನಾಜಿ ಎರಡನೆಯದನ್ನು ಕೇಳಿದಳು.

"ಬಾಯಿಲ್ಲದವಳು ಹತ್ತು ಕೊಡ ನೀರು ಕುಡಿಯುತ್ತಾಳೆ. ಹೊಟ್ಟೆಯಿಲ್ಲದವಳು ಮೂರು ದಿನ ಅದನ್ನು ಬಚ್ಚಿಡುತ್ತಾಳೆ. ಅವಳ ಜುಟ್ಟು ಹಿಡಿದು ಕಿತ್ತರೆ ಕೆಳಗಿನವರು ಅಳುತ್ತಾರೆ. ಯಾರವಳು?"

"ಮಾಳಿಗೆ ಗರಿಕೆ! ಕೆಳಗೆ ನೀರು ಇಳಿಯದ ಹಾಂಗ ಚೌಳುಮಣ್ಣು ಬಡೀಬೇಕು. ಅದರ ಮ್ಯಾಲೆ ಗೇಣು ದಪ್ಪ ಕೆಮ್ಮಣ್ಣು, ಅದರಾಗ ಗರಿಕೆ. ಸುರಿದ ಮಳೆ ಅಲ್ಲೇ ನಿಲ್ತದ, ತೊಟ್ಟು ಸೋರಲ್ಲ. ಬ್ಯಾಸಿಗ್ಯಾಗ ಒಳಗೆ ಕೂಸು ಹಾಯಾಗಿ ಮಲಗ್ತದ. ಅಂಥಾದ್ದನ್ನ ವರ್ಷಾ ವರ್ಷಾ ಕಿತ್ತು ಒಗೀತೀರಲ್ಲ, ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ನೆ ಹೇಳ್ಯಾರೇನು!"

"ಒಂಟಿಕಾಲಿನ ಕಾವಲುಗಾರ, ನೂರು ಕೈ. ಪಡುವಣ ಬಿಸಿಲಿಗೆ ಅಡ್ಡ ನಿಲ್ಲುತ್ತಾನೆ. ಸಂಬಳ ಕೇಳುವುದಿಲ್ಲ, ತಾನೇ ಪಲ್ಯ ಕೊಡುತ್ತಾನೆ. ಯಾರು?" ಅಂದಳು ಚೆನ್ನಾಜಿ.

"ಪಡುವಣ ಗೋಡೆಗೆ ಹಬ್ಬಿಸಿದ ತೊಂಡೆಬಳ್ಳಿ. ನಮ್ಮನೆದನ್ನ ನಿಮ್ಮ ಆಳುಗಳು ಮೊನ್ನೆ ಕಡಿದು ಹಾಕಿದ್ರು."

ಮಂತ್ರಿ ಓಲೆಯನ್ನು ಮಡಚಿದ. "ಮೂರೂ ಸರಿ," ಅಂದ.

ದೊರೆ ಸಿಂಹಾಸನದಿಂದ ದಡಬಡ ಎದ್ದ. "ಚೆನ್ನಾಜಿ! ತುಂಬಿದ ಸಭೆಯಲ್ಲಿ ಅಪ್ಪನ ಮಾನ ಕಳೆಯಲು ಒಗಟು ಕಟ್ಟಿದೆಯಾ?"

"ನನ್ನ ಸಾಕಿದ ತಾಯಿ ನಿಮ್ಮ ಚಪ್ಪಡಿಯ ಕೆಳಗೆ ಬೆಂದು ಸತ್ತಳಪ್ಪ. ನೆಟ್ಟಗೆ ಹೇಳಿದಾಗ ನೀವು ಕಿವಿಗೆ ಹಾಕಿಕೊಳ್ಳಲಿಲ್ಲ."

ಗಾದಿಲಿಂಗನಿಗೆ ಅವಳ ಮೇಲೂ ಸಿಟ್ಟು ಬಂತು. "ಅದಕ್ಕೆ ಮಂದಿ ತಲೆ ಪಣಕ್ಕಿಡಬೇಕಿತ್ತಾ ತಾಯಿ?"

"ಶೂಲ ನನ್ನ ಮಾತಲ್ಲ, ಅಪ್ಪನ ಮಾತು. ಆದರೂ ತಡೆಯಲಿಲ್ಲ, ತಪ್ಪಾಯಿತು," ಅಂದು ಅವಳು ತಲೆ ತಗ್ಗಿಸಿದಳು. "ಏನು ಬೇಕೋ ಕೇಳು."

"ಮದುವೆ ಬ್ಯಾಡ, ರಾಜ್ಯ ಬ್ಯಾಡ. ನಮ್ಮವ್ವನ್ನ ಬಿಡ್ರಿ. ಇವರಿಬ್ಬರ ಸರಪಳಿ ಬಿಚ್ರಿ. ಹಸಿರು ಕಾಣಬಾರದು ಅನ್ನೋ ಅಪ್ಪಣೆ ಹರಿದು ಹಾಕ್ರಿ. ಸೆರೆಮನೆ ಮಾಳಿಗೆಗೆ ಮಣ್ಣು ಬೀಳಬೇಕು. ಮೊದಲನೇ ಮಣ್ಣಿನ ಪುಟ್ಟಿ ದೊರೆಗಳು ಹೊರಬೇಕು, ಬರಿಗಾಲಾಗ. ಈಗ್ಲೇ."

ಆಗ ಮಟಮಟ ಮಧ್ಯಾಹ್ನ. ಡಂಗುರ ಹೊಡೆಸಿ ಕೊಟ್ಟ ಮಾತು, ನುಂಗಲು ಬರುವಂತಿರಲಿಲ್ಲ. ಊರಿಗೆ ಊರೇ ನೆರೆದು ನೋಡುತ್ತಿರಲು, ಬೊಪ್ಪರಾಯ ಕಿರೀಟ ಇಳಿಸಿ ತಲೆ ಮೇಲೆ ಬಟ್ಟೆಯ ಸಿಂಬೆ ಇಟ್ಟು ಪುಟ್ಟಿ ಹೊತ್ತ. ಏಣಿ ಹತ್ತಿ ಸೆರೆಮನೆಯ ಚಪ್ಪಡಿಯ ಮೇಲೆ ಕಾಲಿಟ್ಟವನೇ, "ಅಯ್ಯಯ್ಯೋ, ಸುಡ್ತದೆ!" ಅಂತ ಕುಣಿದ. ಮಣ್ಣು ಅಲ್ಲೇ ಚೆಲ್ಲಿತು.

ಬಿಡುಗಡೆಯಾದ ಪಾಲವ್ವ ಕೆಳಗೆ ಬೇವಿನ ನೆರಳಲ್ಲಿ ಮಗನಿಗೆ ಒರಗಿ ಕೂತಿದ್ದಳು. ನೀರಿನ ಚೆಂಬನ್ನು ಪಕ್ಕಕ್ಕಿಟ್ಟು ತಲೆಯೆತ್ತಿ ನೋಡಿದಳು.

"ಕೆಳಗೂ ಹಂಗೇ ಇತ್ತು ದೊರೆ," ಅಂದಳು. "ಇನ್ನೂ ನೂರು ಪುಟ್ಟಿ ಬೇಕು. ಇಳೀರಿ."

ಬೊಪ್ಪರಾಯ ಇಳಿದು ಬಂದು ಎರಡನೇ ಪುಟ್ಟಿಗೆ ತಲೆಯೊಡ್ಡಿದ.